ಮುಚ್ಚದೆ ಕಳಿಸಿದ ಸಿಡಿ

ನನ್ನ ಮೊಮ್ಮಗಳು ನಿತ್ಯ ನನ್ನ ಬಾಯಿಮಾತನ್ನು ಒಂದು ಸಿಡಿಯ ಮೇಲೆ ಕೂರಿಸಿದಳಲ್ಲ, ಆ ಸಂತೋಷ ಇನ್ನೂ ನನ್ನ ಹೊಟ್ಟೆಯೊಳಗೆ ಕುಣಿಯುತ್ತಲೇ ಇದೆ. ಹಾಲಿನವನಿಗೆ ಹೇಳಿದೆ, ಹೂವಿನವಳಿಗೆ ಹೇಳಿದೆ, ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಅಂಥವಳ ಮಾತನ್ನು ಬೆಳಕಿನಲ್ಲಿ ಕೊರೆದು ಇಡುತ್ತಾರೆ ಎಂದರೆ ಸುಮ್ಮನೆ ಕೂರುವುದು ಹೇಗೆ? ಆದರೆ ಸಿಡಿಯ ಮಾತಿಗೆ ಬರಬೇಕಾದರೆ ಮೊದಲು ನಾನು ಹುಟ್ಟಿದ ಮನೆಯೊಳಗೆ ಹೋಗಬೇಕು. ಈ ವಯಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ನಾನು ಮಾಡಿದ ತಪ್ಪಿನ ಬೇರು ಆ ಮನೆಯಲ್ಲಿದೆ.

ಚೌಳಹಿರಿಯೂರಿನ ಪಕ್ಕದ ಒಂದು ಹಳ್ಳಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆ ಮನೆ. ತಲೆಬಾಗಿಲು ದಾಟಿದರೆ ಮೊದಲು ದನದ ಕೊಟ್ಟಿಗೆ, ಮೊಣಕಾಲೆತ್ತರ ಹತ್ತಿದರೆ ನಡುಮನೆ, ನಡುಮನೆಯ ಒಂದು ಕಡೆ ಅಡುಗೆ ಒಲೆ, ಇನ್ನೊಂದು ಕಡೆ ಕಿಟಕಿಯಿಲ್ಲದ ಕೋಣೆ. ಮಾಳಿಗೆಯಲ್ಲಿ ಅಂಗೈಯಗಲದ ಬೆಳಕಿಂಡಿ. ಅಲ್ಲಿಂದ ಇಳಿಯುವ ಬಿಸಿಲಿನ ಕೋಲು ಯಾವ ಗೋಡೆಗೆ ಬಂತು ಎಂದು ನೋಡಿ ನಮ್ಮವ್ವ ಹೊಲಕ್ಕೆ ಬುತ್ತಿ ಕಟ್ಟುತ್ತಿದ್ದಳು. ಆ ಕೋಣೆಯಲ್ಲಿ ಮೂರು ವಾಡೆಗಳಿದ್ದವು. ವಾಡೆ ಎಂದರೆ ಆಳೆತ್ತರದ ಮಣ್ಣಿನ ಗುಡಾಣ, ಕಾಳು ತುಂಬಿಡುವುದಕ್ಕೆ. ಮೇಲಿನ ಬಾಯಿಗೆ ಸಗಣಿ ಮೆತ್ತಿ ಮುಚ್ಚುತ್ತಿದ್ದರು. ಬುಡದಲ್ಲಿ ಮುಷ್ಟಿ ಹಿಡಿಸುವಷ್ಟು ತೂತು, ಅದಕ್ಕೆ ಬಟ್ಟೆ ಸುತ್ತಿದ ಬಿರಡೆ. ಬಿರಡೆ ಎಳೆದು ಸೇರು ಹಿಡಿದರೆ ರಾಗಿ ಸರ್ರನೆ ಇಳಿಯುತ್ತಿತ್ತು. ಒಂದು ವಾಡೆ ಊಟದ ರಾಗಿಗೆ, ಒಂದು ಹುರುಳಿಗೆ, ಮೂರನೆಯದು ಬಿತ್ತನೆಯ ರಾಗಿಗೆ. ಅಪ್ಪನಿಗೆ ಆ ಮೂರನೆಯದರ ಮೇಲೆ ನಮ್ಮೆಲ್ಲರಿಗಿಂತ ಹೆಚ್ಚು ಪ್ರೀತಿ ಎಂದು ಅವ್ವ ಹಂಗಿಸುತ್ತಿದ್ದಳು.

ಈ ಮನೆಯನ್ನು ಆಳುತ್ತಿದ್ದವಳು ಅಪ್ಪನ ತಾಯಿ, ನಮ್ಮಜ್ಜಿ. ಅವಳದು ಒಂದೇ ಕಾಯಿದೆ: ಯಾವುದನ್ನೂ ಪೂರ್ತಿ ಬರಿದು ಮಾಡಬಾರದು. ರಾಗಿಕಲ್ಲಿನಲ್ಲಿ ಬೀಸಿ ಮುಗಿಸಿದ ಮೇಲೆ ಒಂದು ಹಿಡಿ ಕಾಳು ಕಲ್ಲಿನ ಬಾಯಲ್ಲೇ ಇರಬೇಕು. ಎಣ್ಣೆ ಕುಡಿಕೆಯಲ್ಲಿ ತಳ ಮುಳುಗುವಷ್ಟು ಎಣ್ಣೆ, ಉಪ್ಪಿನ ಮಡಕೆಯಲ್ಲಿ ನಾಲ್ಕು ಹರಳು, ಮುದ್ದೆಯ ಪಾತ್ರೆಯಲ್ಲಿ ಒಂದು ತುತ್ತು. ಎಂಥ ಬರಗೆಟ್ಟ ತಿಂಗಳಲ್ಲೂ ವಾಡೆಯ ತಳದಲ್ಲಿ ಒಂದು ಮೊರದಷ್ಟು ಉಳಿಯಲೇಬೇಕು. ಅವಳು ಕಥೆ ಹೇಳಿದರೂ ಅಷ್ಟೆ, ಕೊನೆಯ ತುಣುಕನ್ನು ನಾಳೆಗೆ ಇಟ್ಟುಕೊಳ್ಳುತ್ತಿದ್ದಳು. ಇದರ ಮೇಲೆ ಅಪ್ಪನಿಗೂ ಅವಳಿಗೂ ಜಗಳ ನಡೆದೇ ಇತ್ತು.

"ಮಕ್ಳು ಇನ್ನೊಂದ್ ತುತ್ತು ಬೇಕು ಅಂತ ಕೂತವ್ರೆ. ನೀನು ಪಾತ್ರೆಗೆ ಉಣ್ಣುಸ್ತಾ ಇದೀಯಲ್ಲವ್ವಾ!"

"ಪಾತ್ರೆ ಉಂಡ್ರೇನೇ ಕಣೋ ನಾಳೆ ಮಕ್ಳು ಉಣ್ಣೋದು. ಬರಿದಾದ್ ಪಾತ್ರೆಗೆ ದಾರಿ ಮರ್ತೋಗ್ತದೆ."

ಹೀಗೆ ಹೇಳಿ ಅಜ್ಜಿ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕಲ್ಲೂ ಇಡುತ್ತಿದ್ದಳು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು ನನ್ನ ಅಕ್ಕ ಗಂಗೆ. ಅಜ್ಜಿಯ ಬಲಗೈ ಅವಳೇ. ದಿನಾ ಮಧ್ಯಾಹ್ನ ಕೈಕಾಲು ತೊಳೆದು, ವಾಡೆಗೆ ನಮಸ್ಕಾರ ಮಾಡಿ, ಬಿರಡೆ ತೆಗೆದು ರಾಗಿ ಅಳೆಯುವ ಕೆಲಸವನ್ನು ಅಜ್ಜಿ ಅಕ್ಕನಿಗೆ ಕೊಟ್ಟಿದ್ದಳು. ಹನ್ನೊಂದು ವರ್ಷದ ಹುಡುಗಿಗೆ ಅದು ಸಣ್ಣ ಮಾತಲ್ಲ. ಸೇರಿನ ಮೇಲೆ ಗೋಪುರದಂತೆ ನಿಂತ ರಾಗಿಯನ್ನು ಅಕ್ಕ ಒಂದು ಕಾಳೂ ಚೆಲ್ಲದೆ ಮೊರಕ್ಕೆ ಸುರಿಯುವಾಗ ನಾನು ಬಾಗಿಲಲ್ಲಿ ನಿಂತು ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಅಜ್ಜಿ ಬೆಲ್ಲದ ಅಚ್ಚುಗಳನ್ನು ಇರುವೆಗೂ ನಮಗೂ ಸಿಗದ ಹಾಗೆ ಕಾಳಿನೊಳಗೆ ಹೂತಿಡುತ್ತಾಳೆ ಎಂದು ನನಗೆ ಗುಮಾನಿ. ಒಂದು ದಿನ ದೊಡ್ಡವರೆಲ್ಲ ಹೊಲಕ್ಕೆ ಹೋಗಿದ್ದರು. ಅಕ್ಕ ರಾಗಿ ಅಳೆದಿಟ್ಟು ನೀರಿಗೆ ಹೋದಳು. ನಾನು ಕೋಣೆಗೆ ನುಗ್ಗಿ, ಊಟದ ವಾಡೆಯಲ್ಲಿ ದಿನಾ ಕೈಯಾಡುವುದರಿಂದ ಅಲ್ಲಿ ಬೆಲ್ಲ ಇರಲಾರದು ಎಂದು ಲೆಕ್ಕ ಹಾಕಿ, ಬಿತ್ತನೆಯ ವಾಡೆಯ ಬಿರಡೆ ಎಳೆದೆ. ಕೈ ತೂರಿಸುವ ಮೊದಲೇ ರಾಗಿ ಇಳಿಯತೊಡಗಿತು. ನಿಜ ಹೇಳುತ್ತೇನೆ, ಒಂದು ಗಳಿಗೆ ನಾನು ಅದನ್ನು ನೋಡುತ್ತಾ ನಿಂತುಬಿಟ್ಟೆ. ಅಷ್ಟು ಚೆಂದವಿತ್ತು. ಕೆಂಪು ನೀರಿನಂತೆ ಇಳಿದು, ನೆಲದಲ್ಲಿ ಹರಡಿ, ನನ್ನ ಪಾದ ಮುಚ್ಚಿತು. ಆಮೇಲೆ ಹೆದರಿ ಬಿರಡೆ ಒತ್ತಿದೆ, ಕೂರಲಿಲ್ಲ. ಲಂಗ ತುರುಕಿದೆ, ನಿಲ್ಲಲಿಲ್ಲ. ರಾಗಿ ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಕೊಟ್ಟಿಗೆಯ ಗಂಜಲಕ್ಕೆ ಸೇರಿತು. ನಾನು ಹಿತ್ತಿಲ ಹುಲ್ಲಿನ ಬಣವೆಯ ಹಿಂದೆ ಹೋಗಿ ಕೂತೆ.

ಸಂಜೆ ಅಪ್ಪ ಬಂದು ನೋಡಿದಾಗ ದನಗಳು ಬಿತ್ತನೆಯ ರಾಗಿಯ ಮೇಲೆ ನಿಂತಿದ್ದವು. ವಾಡೆ ಒಳಗಿನಿಂದ ಪೂರ್ತಿ ಬರಿದು. ಅಪ್ಪ ಬೈಯಲಿಲ್ಲ, ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತುಬಿಟ್ಟ. ಅಜ್ಜಿ ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದಳು.

"ಯಾರು ಕೋಣೆಗೆ ಹೋಗಿದ್ದೋರು?"

"ಮಧ್ಯಾನ ಅಕ್ಕ ಹೋಗಿದ್ಲು, ರಾಗಿ ಅಳೆಯಕ್ಕೆ," ಎಂದೆ ನಾನು.

ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅದೇ ನನ್ನ ಜಾಣತನ. ಅಕ್ಕ ಬಾಯಿ ತೆರೆದಳು, ಮುಚ್ಚಿದಳು. ಪಕ್ಕದ ವಾಡೆಯ ಬಿರಡೆಗೆ ತನ್ನ ಕೈಯೋ ಲಂಗವೋ ತಗುಲಿ ಸಡಿಲಾಯಿತೇನೋ ಎಂದು ಅವಳಿಗೇ ಅನುಮಾನ ಬಂದಿರಬೇಕು. ಅಜ್ಜಿ ಹೊಡೆಯಲಿಲ್ಲ. ಹೊಡೆದಿದ್ದರೆ ಎರಡು ದಿನಕ್ಕೆ ಮಾಯುತ್ತಿತ್ತು. ಅಕ್ಕನ ಕೈಯಿಂದ ಸೇರು ತೆಗೆದುಕೊಂಡು ನನ್ನ ಕೈಗೆ ಕೊಟ್ಟಳು.

"ಇವತ್ತಿಂದ ಕಮಲಿ ಅಳೀತಾಳೆ. ನೀನು ವಾಡೆ ಮುಟ್ಬೇಡ ಕಣೇ. ನಿಂದು ಬರಿದು ಮಾಡೋ ಕೈ."

ಮದುವೆಯಾಗಿ ಅಮೃತಾಪುರಕ್ಕೆ ಹೋಗುವವರೆಗೂ ಅಕ್ಕ ಆ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ನಾನು ಸೇರು ಹಿಡಿದು ಬೆಳೆದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬಂದ ನೆಂಟರಿಗೆ ಈ ಕಥೆಯನ್ನು ಮೊದಲು ಹೇಳಿದವಳೂ ನಾನೇ. ರಾಗಿ ಹೇಗೆ ಹರಿಯಿತು, ದನ ಹೇಗೆ ಕಾಲು ಎತ್ತಿಟ್ಟವು, ಅಪ್ಪ ಹೇಗೆ ಕಂಬವಾದ ಎಂದು ಕೈಕಾಲು ಆಡಿಸಿ ಹೇಳುತ್ತಿದ್ದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. 'ಕಮಲಿ ಬಾಯಲ್ಲಿ ಕೇಳ್ಬೇಕು' ಎನ್ನುತ್ತಿದ್ದರು. ಮಾತುಗಾತಿ ಎಂದು ನನಗೆ ಇವತ್ತಿಗೂ ಇರುವ ಹೆಸರು ಅಲ್ಲಿಂದ ಬಂದದ್ದು. ಹೇಳಿ ಹೇಳಿ ನನಗೇ ಅಕ್ಕ ಬಿರಡೆ ಎಳೆದದ್ದು ಕಣ್ಣಿಗೆ ಕಟ್ಟುವಂತಾಗಿತ್ತು. ಅಷ್ಟು ಹತ್ತಿರದಿಂದ ರಾಗಿ ಹರಿದದ್ದನ್ನು ನೀನು ಹೇಗೆ ಕಂಡೆ ಎಂದು ಯಾರೂ ಕೇಳಲಿಲ್ಲ.

ಮೂರು ವರ್ಷದ ಹಿಂದೆ ಅಜ್ಜಂಪುರದ ಒಂದು ಛತ್ರದಲ್ಲಿ ಅಕ್ಕನ ಮೊಮ್ಮಗಳ ಮದುವೆ. ಹೆಣ್ಣಿಗೆ ಮಡಿಲು ತುಂಬಿಸುವ ಹೊತ್ತು. ಭಾವ ಗಟ್ಟಿಯಾಗಿದ್ದಾರೆ, ಅಕ್ಕ ಹಿರಿಮುತ್ತೈದೆ, ಮೊದಲ ಬೊಗಸೆ ಅಕ್ಕಿ ಅವಳದೇ. ಅವಳು ಮೊರದಿಂದ ಬೊಗಸೆ ಎತ್ತಿದಳು. ಸುತ್ತ ಬೀಗರ ಕಡೆಯ ಹೆಂಗಸರು ಕೂತಿದ್ದರು. ನಗಿಸುವ ಚಟ ನನ್ನ ನಾಲಿಗೆಯನ್ನು ಬಿಡಬೇಕಲ್ಲ.

"ನೋಡ್ಕೊಂಡು ತುಂಬುಸ್ಕೊಳ್ರಮ್ಮ, ನಮ್ಮಕ್ಕಂದು ವಾಡೆ ಬರಿದು ಮಾಡಿದ್ ಕೈ!" ಎಂದು ಇಡೀ ಕಥೆಯನ್ನು ಬಿಚ್ಚಿದೆ.

ಹೆಂಗಸರು ನಕ್ಕರು. ಗಂಡಿನ ತಾಯಿ ಮಾತ್ರ ನಗಲಿಲ್ಲ. ಮೆಲ್ಲಗೆ ಅಕ್ಕನ ಮುಂದಿನ ಮೊರವನ್ನು ಎಳೆದು ಪಕ್ಕದ ಹೆಂಗಸಿನ ಕಡೆ ಸರಿಸಿದರು. 'ಇವರು ಮೊದ್ಲು ತುಂಬ್ಸಲಿ, ನೀವು ಆಮೇಲೆ' ಎಂದರು. ಅಕ್ಕನ ಬೊಗಸೆಯ ಅಕ್ಕಿ ಬೊಗಸೆಯಲ್ಲೇ ಇತ್ತು. ಅದನ್ನು ಮೊರಕ್ಕೆ ವಾಪಸು ಸುರಿದು, ಎದ್ದು, ನನ್ನ ಕಡೆ ತಿರುಗಿದಳು.

"ಇನ್ಮೇಲೆ ನಿಂಗೂ ನಂಗೂ ಮಾತಿಲ್ಲ."

ಅಷ್ಟೇ. ಆಮೇಲೆ ಫೋನು ಮಾಡಿದರೆ ಅವಳ ಸೊಸೆ ಲಕ್ಷ್ಮಿ ಎತ್ತುತ್ತಿದ್ದಳು, 'ಅತ್ತೆ ಮಾತಾಡಲ್ವಂತೆ ಚಿಕ್ಕಮ್ಮ' ಎನ್ನುತ್ತಿದ್ದಳು. ಎರಡು ಸಲ ಅಮೃತಾಪುರಕ್ಕೇ ಹೋದೆ. ಎರಡು ಸಲವೂ ಅಕ್ಕ ಹಿತ್ತಿಲ ಬಾಗಿಲಿನಿಂದ ನೆರೆಮನೆಗೆ ಹೋಗಿ, ನಾನು ಬಸ್ಸು ಹತ್ತುವವರೆಗೂ ಬರಲಿಲ್ಲ. ಅಕ್ಕನಿಗೆ ಓದು ಬಾರದು, ಪತ್ರ ಬರೆದರೆ ಬೇರೆಯವರು ಓದಬೇಕು. ಎಂಬತ್ತು ಹತ್ತಿರವಾದ ಅಕ್ಕ, ಎಪ್ಪತ್ತು ದಾಟಿದ ನಾನು. ಇನ್ನೆಷ್ಟು ದಿನ ಅಂತ?

ಒಂದು ದಿನ ನಿತ್ಯಳ ಮುಂದೆ ಇದೇ ಹಾಡು ಹಾಡುತ್ತಿದ್ದೆ. ನಿತ್ಯ ನನ್ನ ಮಗಳ ಮಗಳು, ಕಡೂರಿನಲ್ಲೇ ಕಾಲೇಜಿಗೆ ಹೋಗುತ್ತಾಳೆ. ನನ್ನ ಹಾಸಿಗೆಯ ಪಕ್ಕವೇ ಅವಳ ಹಾಸಿಗೆ.

"ದೊಡ್ಡಜ್ಜಿ ದಿನಾ ಬೆಳಗ್ಗೆ ಏನ್ ಮಾಡ್ತಾರಜ್ಜಿ?" ಎಂದು ಕೇಳಿದಳು.

"ಇನ್ನೇನ್ ಮಾಡ್ತಾಳೆ, ಆ ಸಿಡಿ ಡಬ್ಬಕ್ಕೆ ಭಜನೆ ಹಾಕ್ಕೊಂಡು ಅವರೆಕಾಯಿ ಸುಲೀತಾಳೆ. ಅದನ್ನ ಬೇರೆ ಯಾರೂ ಮುಟ್ಟಂಗಿಲ್ಲ."

"ಹಂಗಾದ್ರೆ ನೀನು ಸಿಡಿಯೊಳಗೆ ಹೋಗು."

ಅಕ್ಕನ ಡಬ್ಬ ಹಳೆಯದು, ಪೆನ್ ಡ್ರೈವ್ ಚುಚ್ಚಲು ಅದರಲ್ಲಿ ಕಿಂಡಿಯಿಲ್ಲ. ನಿತ್ಯಳ ಲ್ಯಾಪ್‌ಟಾಪು ಹೊಸದು, ಸಿಡಿ ಹಾಕಲು ಅದರಲ್ಲಿ ಬಾಯಿಯೇ ಇಲ್ಲ. ಕಡೂರಿನ ಅಂಗಡಿಗಳಲ್ಲಿ ಖಾಲಿ ಸಿಡಿ ಕೇಳಿದರೆ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಕೊನೆಗೆ ತರೀಕೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ರಹಮತ್ ಸಾಹೇಬರು ಸಿಕ್ಕರು. ಒಂದು ಕಾಲಕ್ಕೆ ಸುತ್ತಲಿನ ಮದುವೆಗಳನ್ನೆಲ್ಲ ಸಿಡಿಗೆ ಬರೆದುಕೊಟ್ಟವರು. ಅಟ್ಟದಿಂದ ಖಾಲಿ ಸಿಡಿಗಳ ಒಂದು ಕಟ್ಟು ಇಳಿಸಿದರು, ಊದಿ ಧೂಳು ಹಾರಿಸಿದರು. ಲ್ಯಾಪ್‌ಟಾಪಿಗೆ ವೈರಿನಲ್ಲಿ ಸಿಕ್ಕಿಸುವ ಒಂದು ಬರೆಯುವ ಡಬ್ಬವನ್ನೂ ಕೊಟ್ಟರು. ಅದನ್ನು ರೈಟರು ಎನ್ನುತ್ತಾರೆ. ಅಂಗಡಿಯಲ್ಲೇ ಸಿಕ್ಕಿಸಿದರೆ ದೀಪ ಹತ್ತಿತು, ಆದರೆ ಸಿಡಿ ಬರೆಯುವ ಹೊಸ ಸಾಫ್ಟ್‌ವೇರು 'ಯಾವ ರೈಟರೂ ಕಾಣುತ್ತಿಲ್ಲ' ಎಂದಿತು. ನಿತ್ಯ ಹಳೆಯದೊಂದನ್ನು ಹುಡುಕಿ ಹಾಕಿದಳು, ತಕ್ಷಣ ಗುರುತು ಹಿಡಿಯಿತು. ಲ್ಯಾಪ್‌ಟಾಪು ಹೆಣ್ಣಿನ ಕಡೆ, ರೈಟರು ಗಂಡಿನ ಕಡೆ, ಸಾಫ್ಟ್‌ವೇರು ಎಂದರೆ ಸಂಬಂಧ ಕುದುರಿಸುವವನು ಇದ್ದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಎರಡೂ ಮನೆಯ ಪರಿಚಯ ಇಲ್ಲದವನಿಂದ ಮದುವೆ ಆಗುವುದಿಲ್ಲ.

"ಯಾವ ಪ್ಲೇಯರಿಗೆ ಹಾಕ್ತೀರಮ್ಮ?" ಎಂದು ಸಾಹೇಬರು ಕೇಳಿದರು. ನಾನು ವರ್ಣಿಸಿದೆ.

"ಅದು ಹಳೇದು. ಮೊಬೈಲಿನ ಫೈಲನ್ನ ಹಂಗೇ ತುಂಬಿದ್ರೆ ಓದಲ್ಲ. ಆಡಿಯೋ ಸಿಡಿ ಅಂತಾನೇ ಮಾಡ್ಬೇಕು ಪಾಪಾ. ನಿಧಾನಕ್ಕೆ ಬರಿ, ಅವಸರ ಮಾಡ್ಬೇಡ. ಎಂಬತ್ತು ನಿಮಿಷ ಹಿಡಿಯುತ್ತೆ."

ಮನೆಗೆ ಬಂದು ಅಡುಗೆ ಮನೆಯಲ್ಲಿ ಕೂತೆವು. ನಿತ್ಯ ಫ್ಯಾನು ಆರಿಸಿ, ಉಪ್ಪಿನ ಡಬ್ಬಕ್ಕೆ ಒರಗಿಸಿ ಮೊಬೈಲು ನಿಲ್ಲಿಸಿದಳು. ನಾನು ಶುರು ಮಾಡಿದೆ. ಬೆಳಕಿಂಡಿ, ಬಿಸಿಲಿನ ಕೋಲು, ಹುಚ್ಚೆಳ್ಳು ಚಟ್ನಿ, ನನಗೆ ನಾಯಿ ಕಚ್ಚಿದ್ದು, ಅಕ್ಕ ನನ್ನ ತಲೆ ಬಾಚುವಾಗ ಎಳೆಯುತ್ತಿದ್ದ ಎಳೆತ. ಎರಡು ಗಂಟೆ ಹೇಳಿದೆ, ಕೋಣೆಯ ಸುತ್ತ ಸುತ್ತಿದೆ, ಒಳಗೆ ಹೋಗಲಿಲ್ಲ. ನಿತ್ಯ ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ಒಂದು ಲೋಟ ನೀರು ಕುಡಿದೆ. ಆಗ ಹೇಳಿದೆ: ಅಕ್ಕಾ, ಬಿರಡೆ ಎಳೆದವಳು ನೀನಲ್ಲ, ನಾನು. ಬೆಲ್ಲಕ್ಕೆ. ಅದನ್ನು ಹೇಳುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ನಿತ್ಯ ರೆಕಾರ್ಡು ನಿಲ್ಲಿಸಿದಳು. ಅವಳ ಮೂಗಿನ ತುದಿ ಕೆಂಪಾಗಿತ್ತು.

"ಅಜ್ಜಿ, ಆ ಕಥೆ ಹೇಳಿದಾಗೆಲ್ಲ ನಾನೂ ನಕ್ಕಿದೀನಿ."

"ನಗ್ಸಿದ್ದು ನಾನು ಕಣವ್ವ. ನಿನ್ ತಪ್ಪೇನಿದೆ."

ಎರಡು ಗಂಟೆಯನ್ನು ಎಂಬತ್ತು ನಿಮಿಷಕ್ಕೆ ಇಳಿಸಬೇಕಾಗಿತ್ತು. ಕೊನೆಯದನ್ನೇ ತೆಗೆದುಬಿಡೋಣ, ಮುಖಾಮುಖಿ ಹೇಳ್ತೀನಿ ಎಂದೆ ನಾನು, ಹೇಡಿ. ನಿತ್ಯ ಒಪ್ಪಲಿಲ್ಲ. ಚಟ್ನಿ ಹೋಯಿತು, ನಾಯಿ ಕಚ್ಚಿದ್ದು ಹೋಯಿತು. ಎಪ್ಪತ್ತು ನಿಮಿಷಕ್ಕೆ ತಂದು, ಹತ್ತು ನಿಮಿಷ ಖಾಲಿ ಬಿಡು ಎಂದೆ. ತಳ ಕೆರೆದು ತುಂಬಿಸಲು ನನಗೆ ಮನಸ್ಸು ಬರಲಿಲ್ಲ. ಬರೆಯುವ ಮೊದಲು ಸಾಫ್ಟ್‌ವೇರು ಒಂದು ಪ್ರಶ್ನೆ ಕೇಳಿತು. ನಿತ್ಯ ಓದಿ ಹೇಳಿದಳು.

"ಬರೆದಾದ್ಮೇಲೆ ಡಿಸ್ಕ್ ಮುಚ್ಚಲಾ ಅಂತ ಕೇಳ್ತಿದೆ. ಮುಚ್ಚಿದ್ರೆ ಇನ್ನು ಯಾವತ್ತೂ ಏನೂ ಸೇರಿಸಕ್ಕಾಗಲ್ಲ. ಆ ಹತ್ತು ನಿಮಿಷ ಹಂಗೇ ಸತ್ತೋಗುತ್ತೆ."

ಇಷ್ಟು ವರ್ಷದ ಮೇಲೆ ಅಕ್ಕನೊಡನೆ ಮಾತು ಶುರು ಮಾಡುವುದು, ಅದಕ್ಕೆ ಮೊದಲ ದಿನವೇ ಬೀಗ ಜಡಿಯುವುದೇ? ಅಜ್ಜಿ ಕಲ್ಲಿನ ಬಾಯಲ್ಲಿ ಬಿಡುತ್ತಿದ್ದ ಹಿಡಿ ಕಾಳು ಕಣ್ಣ ಮುಂದೆ ಬಂತು.

"ಬ್ಯಾಡ ಬ್ಯಾಡ, ಮುಚ್ಚಬ್ಯಾಡ! ಅಕ್ಕ ಏನಾದ್ರೂ ಅಂದ್ರೆ ಅದಕ್ಕೆ ಉತ್ತರ ಸೇರಿಸ್ಬೇಕು. ತೆರೆದೇ ಇರ್ಲಿ."

ನಿತ್ಯ 'ಮುಚ್ಚು' ಎನ್ನುವಲ್ಲಿದ್ದ ಗುರುತು ತೆಗೆದಳು. ರೈಟರು ಗುಂಯ್ ಎನ್ನುತ್ತಾ ಬರೆಯಿತು. ನಾನು ಅದರ ಮೇಲೆ ಕೈಯಿಟ್ಟು ಕೂತಿದ್ದೆ, ಕರು ಹಾಕಿದ ಹಸುವಿನ ಹೊಟ್ಟೆಯಂತೆ ಬೆಚ್ಚಗಿತ್ತು. ಮುಗಿದ ಮೇಲೆ ಅಲ್ಲೇ ಹಾಕಿ ಕೇಳಿದರೆ ನನ್ನ ದನಿ ಸ್ವಚ್ಛವಾಗಿ ಬಂತು. ಸಿಡಿಯನ್ನು ಅರಿವೆಯಲ್ಲಿ ಸುತ್ತಿ, ಕಡೂರಿಗೆ ಬಂದಿದ್ದ ಲಕ್ಷ್ಮಿಯ ಕೈಗೆ ಕೊಟ್ಟೆ. ಯಾರದೆಂದು ಹೇಳಬೇಡ, ಸುಮ್ಮನೆ ಭಜನೆ ಸಿಡಿಗಳ ಮೇಲಿಟ್ಟುಬಿಡು ಎಂದೆ. ಅವಳ ಬಾಯಿ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು.

ಎರಡು ದಿನ ಫೋನಿನ ಪಕ್ಕದಿಂದ ಏಳಲಿಲ್ಲ. ಮೂರನೆಯ ದಿನ ಲಕ್ಷ್ಮಿ ಮಾಡಿದಳು.

"ಚಿಕ್ಕಮ್ಮ, ಏನ್ ಕಳ್ಸಿದ್ದೀರ ನೀವು? ಅತ್ತೆ ಕೇಳಿದ್ರು, ಯಾರು ಕೊಟ್ಟಿದ್ದು ಅಂತ. ನಾನು ಬಾಯ್ತಪ್ಪಿ ನಿಮ್ಮ ಹೆಸರು ಹೇಳ್ಬಿಟ್ಟೆ. ಆದ್ರೂ ಪಾಪ, ಸೆರಗಲ್ಲಿ ಒರೆಸಿ ತಾವೇ ಹಾಕಿದ್ರು. ಸುತ್ತುತ್ತೆ ಸುತ್ತುತ್ತೆ, ಸದ್ದೇ ಇಲ್ಲ. ಮೂರ್ ಸಲ ಹಾಕಿ ನೋಡಿದ್ರು."

"ಏನಂದ್ಲು?"

"'ಬರಿದಾಗಿರೋದನ್ನ ಕಳ್ಸವಳೆ. ಇನ್ನೂ ಆಡ್ಕೋತಾ ಅವಳೆ ನನ್ನ' ಅಂದ್ರು. ಆಮೇಲೆ ಊಟ ಮಾಡ್ಲಿಲ್ಲ."

ಯಾವ ಮಾತಿನಿಂದ ಅಕ್ಕನನ್ನು ಜೀವಮಾನವಿಡೀ ಚುಚ್ಚಿದ್ದೆನೋ ಅದನ್ನೇ ಅರಿವೆ ಸುತ್ತಿ ಮನೆಗೆ ತಲುಪಿಸಿದ್ದೆ. ನೆಲದಲ್ಲಿ ಕೂತು ಅತ್ತುಬಿಟ್ಟೆ. ನಿತ್ಯ ರಹಮತ್ ಸಾಹೇಬರಿಗೆ ಫೋನು ಮಾಡಿದಳು. ಅವರು ಒಂದೇ ಮಾತು ಕೇಳಿದರು: ಡಿಸ್ಕ್ ಕ್ಲೋಸ್ ಮಾಡಿದ್ರಾ? ಬರೆದ ರೈಟರಿಗೆ ತಾನು ಎಲ್ಲಿ ಏನು ಬರೆದೆ ಎಂದು ಗೊತ್ತಿರುತ್ತದಂತೆ, ಅದು ಓದುತ್ತದೆ. ಅಕ್ಕನ ಮನೆಯಂಥ ಡಬ್ಬಕ್ಕೆ ಮೊದಲಲ್ಲೊಂದು ಪಟ್ಟಿ ಬೇಕಂತೆ, ಆ ಪಟ್ಟಿ ಬರೆಯುವುದು ಡಿಸ್ಕ್ ಮುಚ್ಚಿದಾಗಲೇ. ಮುಚ್ಚದಿದ್ದರೆ ಅದರ ಪಾಲಿಗೆ ಅದು ಖಾಲಿ ಸಿಡಿ.

"ಹೋಗಿ ಮುಚ್ಚಿಬನ್ನಿ," ಎಂದರಂತೆ ಸಾಹೇಬರು. "ಅದೇ ಡಿಸ್ಕು, ಅದೇ ರೈಟರು. ಎರಡು ನಿಮಿಷದ ಕೆಲಸ."

ಮರುದಿನವೇ ಲ್ಯಾಪ್‌ಟಾಪು, ರೈಟರು ಚೀಲಕ್ಕೆ ಹಾಕಿಕೊಂಡು ತರೀಕೆರೆಯಲ್ಲಿ ಬಸ್ಸು ಬದಲಿಸಿ ಅಮೃತಾಪುರಕ್ಕೆ ಹೋದೆವು. ಈ ಸಲ ಅಕ್ಕ ಹಿತ್ತಿಲಿಗೆ ಓಡಲಿಲ್ಲ, ಮಂಡಿನೋವು ಹೆಚ್ಚಾಗಿತ್ತು. ನಡುಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬೆನ್ನು ನನ್ನ ಕಡೆಗೆ. ಎಷ್ಟು ಸಣ್ಣ ಬೆನ್ನಾಗಿಬಿಟ್ಟಿತ್ತು! ನಿತ್ಯ ಅವಳ ಪಕ್ಕವೇ ನೆಲದಲ್ಲಿ ಕೂತು ಎಲ್ಲ ಜೋಡಿಸಿದಳು.

"ದೊಡ್ಡಜ್ಜಿ, ಸಿಡಿ ಖಾಲಿ ಇಲ್ಲ. ಅದನ್ನ ಸರಿಯಾಗಿ ಮುಚ್ಚಿರಲಿಲ್ಲ, ಅಷ್ಟೇ. ಎರಡು ನಿಮಿಷ ಕೂತ್ಕೋತೀರಾ?"

"ಕೂತೇ ಇದೀನಲ್ಲ," ಎಂದಳು ಅಕ್ಕ ಗೋಡೆಗೆ.

ನಿತ್ಯ ನನ್ನ ಮುಖ ನೋಡಿದಳು. ಪರದೆಯ ಮೇಲೆ ಅದೇ ಪ್ರಶ್ನೆ ಬಂದಿತ್ತು. ಮುಚ್ಚಿದ ಮೇಲೆ ಸೇರಿಸುವಂತಿಲ್ಲ, ತಿದ್ದುವಂತಿಲ್ಲ, ನಗಿಸಿ ತೇಲಿಸುವಂತಿಲ್ಲ. ನಾನು 'ಮುಚ್ಚು' ಎಂದೆ. ಡಬ್ಬ ಗುಂಯ್ ಎಂದಿತು, ನಿಂತಿತು, ಸಿಡಿಯನ್ನು ಹೊರಗೆ ಚಾಚಿತು. ನಿತ್ಯ ಅದನ್ನು ಅಕ್ಕನ ಪ್ಲೇಯರಿಗೆ ಹಾಕಿದಳು. ಸುತ್ತಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ನಮ್ಮ ಕಡೂರಿನ ಅಡುಗೆ ಮನೆ, ತರಕಾರಿಯವನ ಕೂಗು, ನನ್ನ ಕೆಮ್ಮು, ನನ್ನ ದನಿ.

ಅಕ್ಕ ಸುಲಿಯುತ್ತಲೇ ಇದ್ದಳು. ತಲೆ ಬಾಚುವ ಮಾತು ಬಂದಾಗ ಅವಳ ಭುಜ ಒಂದು ಸಲ ಅಲುಗಿತು, ನಕ್ಕಳೋ ಏನೋ. ಅಷ್ಟು ಹೊತ್ತೂ ನಾನು ನಿಂತೇ ಇದ್ದೆ. ಬಿತ್ತನೆಯ ವಾಡೆಯ ಮಾತು ಬಂತು. ಬಿರಡೆ ಎಳೆದವಳು ನೀನಲ್ಲ, ನಾನು. ಅವರೆಕಾಯಿ ಮೊರದಲ್ಲಿ ಬಿತ್ತು. ಡಬ್ಬದೊಳಗಿನ ನಾನು ಮುಂದೆ ಏನೋ ಹೇಳುತ್ತಿದ್ದೆ, ಅಕ್ಕ ಕೈಯೆತ್ತಿದಳು.

"ನಿಲ್ಸವ್ವ ಅದನ್ನ. ಇಲ್ಲೇ ನಿಂತವಳಲ್ಲ, ಅವಳ ಬಾಯಲ್ಲೇ ಹೇಳ್ಲಿ."

ನಿತ್ಯ ನಿಲ್ಲಿಸಿದಳು. ನಾನು ಅಕ್ಕನ ಮುಂದೆ ಹೋಗಿ ಕೂತು ಇನ್ನೊಂದು ಸಲ ಹೇಳಿದೆ. ಈ ಸಲ ಕೈಕಾಲು ಆಡಿಸಲಿಲ್ಲ. ಅಕ್ಕ ತನ್ನ ಎರಡೂ ಅಂಗೈ ಮಗುಚಿ ನೋಡಿಕೊಂಡಳು, ಮತ್ತೆ ಮಗುಚಿ ನೋಡಿಕೊಂಡಳು.

"ನಾನೇ ಸಡಿಲ ಮಾಡಿದ್ನೇನೋ ಅಂದ್ಕಂಡಿದ್ದೆ ಕಣೇ," ಎಂದಳು. "ಇಷ್ಟ್ ವರ್ಷ. ನನ್ ಮಕ್ಳು ಹಸ್ಕೊಂಡ್ ಮಲಗಿದ್ ದಿನ ಎಲ್ಲ, ನನ್ ಕೈಯೇ ಹಂಗೆ ಅಂದ್ಕಂಡಿದ್ದೆ."

ಅಕ್ಕ ಬಹಳ ಹೊತ್ತು ಅತ್ತಳು, ನಾನು ಅವಳ ಮಂಡಿಯ ಮೇಲೆ ತಲೆಯಿಟ್ಟು ಅತ್ತೆ. ಆಮೇಲೆ ಅವಳೇ ಸೆರಗಲ್ಲಿ ಮುಖ ಒರೆಸಿಕೊಂಡು, ನನ್ನನ್ನು ಬಿಟ್ಟು, ನಿತ್ಯಳ ಕಡೆ ತಿರುಗಿದಳು.

"ಇಂಥದ್ದು ಇನ್ನೂ ಮಾಡ್ಬೋದೇನವ್ವಾ?"

"ಎಷ್ಟು ಬೇಕಾದ್ರೂ ಮಾಡ್ಬೋದು ದೊಡ್ಡಜ್ಜಿ. ಕಾಪಿ ತೆಗೆಯೋದು ಸುಲಭ."

"ಹಂಗಾದ್ರೆ ಮಾಡು. ಮದುವೆ ಮನೇಲಿ ಯಾರ್ಯಾರು ನಕ್ಕಿದ್ರೋ ಅವರಿಗೆಲ್ಲ ಒಂದೊಂದು. ಮೊದ್ಲು ನಮ್ ಬೀಗಿತ್ತಿಗೆ. ಈ ಸಲ ಮಾತ್ರ ಸರ್ಯಾಗಿ ಮುಚ್ಚು."

ರಹಮತ್ ಸಾಹೇಬರ ಕಟ್ಟಿನಿಂದ ಇನ್ನೂ ಹನ್ನೆರಡು ಸಿಡಿ ತಂದು ನಿತ್ಯ ಒಂದೊಂದಾಗಿ ಬರೆದಳು. ಎರಡು ಹಳತಾಗಿ ಕೆಟ್ಟಿದ್ದವು, ಹತ್ತು ಬಂದವು. ಆಗ ತಿಳಿಯಿತು, ಆ ಮನೆಗಳಲ್ಲಿ ಯಾರ ಹತ್ತಿರವೂ ಸಿಡಿ ಡಬ್ಬ ಉಳಿದಿಲ್ಲ. ಮೊಬೈಲಿಗೇ ಕಳಿಸಿಬಿಡೋಣ ಎಂದು ನಿತ್ಯ ಹೇಳಿದರೆ ಅಕ್ಕ ಕೇಳಲಿಲ್ಲ. ಮೊಬೈಲಲ್ಲಿ ಬಂದದ್ದನ್ನು ಯಾರು ಪೂರ್ತಿ ಕೇಳುತ್ತಾರೆ? ನಾನೇ ನನ್ನ ಡಬ್ಬ ತರುತ್ತೇನೆ, ಇವಳೂ ನನ್ನ ಜೊತೆ ಬರಲಿ ಎಂದಳು.

ಹೀಗಾಗಿ ಕಳೆದ ವಾರ ನಾವಿಬ್ಬರೂ ಅಜ್ಜಂಪುರಕ್ಕೆ ಹೋದೆವು. ಬಸ್ಸಿನಲ್ಲಿ ಅಕ್ಕ ಪ್ಲೇಯರನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ನಾನು ಹಿಡ್ಕೋತೀನಿ ಕೊಡು ಎಂದರೆ ಕೊಡಲಿಲ್ಲ. ಬೀಗಿತ್ತಿಯ ಮನೆಯಲ್ಲಿ ಕಾಫಿ ಬೇಡವೆಂದು, ಡಬ್ಬವನ್ನು ಮಣೆಯ ಮೇಲಿಟ್ಟು, ಅಕ್ಕನೇ ಸಿಡಿ ಹಾಕಿದಳು.

"ಇದು ನನ್ ತಂಗಿ ಮಾತು. ಪೂರ್ತಿ ಕೇಳಿ, ಆಮೇಲೆ ಕಾಫಿ ಕುಡಿಯಣ."

ನಾನು ತಲೆ ತಗ್ಗಿಸಿ ಕೂತೆ. ಬೀಗಿತ್ತಿ ಮೊದಲು ಒಲೆಯ ಕಡೆ, ಬಾಗಿಲ ಕಡೆ ನೋಡುತ್ತಿದ್ದರು. ಕೊನೆ ಕೊನೆಗೆ ಅಲುಗಾಡದೆ ಕೂತರು. ಮುಗಿದ ಮೇಲೆ ಎದ್ದು ಬಂದು ಅಕ್ಕನ ಪಕ್ಕ ಕೂತು, 'ನಾನೂ ಯೋಚ್ನೆ ಮಾಡ್ದೆ ಮೊರ ಎಳ್ಕಂಡ್ಬಿಟ್ಟೆ ಕಣ್ರೀ' ಎಂದರು. 'ಈಗ ಕಾಫಿ ತನ್ನಿ' ಎಂದಳು ಅಕ್ಕ. ಕುಡಿದ ಮೇಲೆ ಒಂದು ಸಿಡಿಯನ್ನು ಅವರ ದೇವರ ಗೂಡಿನಲ್ಲಿಟ್ಟು ಹೊರಬಂದೆವು.

ಬೀದಿಯಲ್ಲಿ ಅಕ್ಕ ನನ್ನ ತೋಳು ಹಿಡಿದು ನಿಂತಳು. ಅವಳ ಮಂಡಿ ನೋಯುತ್ತಿತ್ತು. ಬೈಯುತ್ತಾಳೇನೋ ಎಂದು ನಾನು ಕಾದೆ.

"ಇನ್ನೂ ಯಾರ್ಯಾರಿಗೆ ಹೇಳಿದ್ದೆ ನೀನು, ಆ ಕಥೆನ?"

ನಾನು ನೆನಪು ಮಾಡಿಕೊಂಡು ಅಂತರಘಟ್ಟೆಯಿಂದ ಶುರುಮಾಡಿ ಒಂದೊಂದೇ ಊರಿನ ಹೆಸರು ಹೇಳುತ್ತಾ ಹೋದೆ. ಅಕ್ಕ ಪ್ರತಿ ಹೆಸರಿಗೂ ಒಂದೊಂದು ಬೆರಳು ಮಡಚಿದಳು. ಒಂದು ಕೈ ಆಯಿತು, ಇನ್ನೊಂದು ಕೈಯೂ ಆಯಿತು. ಅವಳ ಬಾಯಿಯ ಕೊನೆ ಸೊಟ್ಟಗಾಯಿತು, ಚಿಕ್ಕಂದಿನಲ್ಲಿ ನಗು ತಡೆದುಕೊಳ್ಳುವಾಗ ಆಗುತ್ತಿದ್ದ ಹಾಗೆ.

"ಥೂ, ನಿನ್ ಬಾಯಿಗಿಷ್ಟು! ನಡಿಯೇ ಬೇಗ, ಅಂತರಘಟ್ಟೆ ಬಸ್ಸು ಹೊರಟ್ಬಿಡುತ್ತೆ."